ಪರದೆಯ ಊರು, ಬೇಲಾಪುರದ ಅಂಗಳ

ನವಿ ಮುಂಬಯಿಯ ವಾಶಿಯಿಂದ ಬೇಲಾಪುರದ ತನಕ ಖಾಡಿಯ (ಕಡಲ ಹಿನ್ನೀರಿನ) ಅಂಚಿನಲ್ಲಿ ಸಾಗುವ ಪಾಮ್ ಬೀಚ್ ರಸ್ತೆಗೆ ಹತ್ತು ಕಿಲೋಮೀಟರಿನಷ್ಟು ಉದ್ದ. ಒಂದು ಮಗ್ಗುಲಲ್ಲಿ ಎತ್ತರದ ವಸತಿ ಕಟ್ಟಡಗಳು, ಇನ್ನೊಂದು ಮಗ್ಗುಲಲ್ಲಿ ಕಾಂಡ್ಲಾ ಕಾಡು, ಕೆಸರು ಬಯಲು, ಅದರಾಚೆ ನೀರು. ಚಳಿಗಾಲದಿಂದ ಮೇ ತಿಂಗಳವರೆಗೆ ಆ ಕೆಸರಿನಲ್ಲಿ ಫ್ಲೆಮಿಂಗೊಗಳ ಹಿಂಡು ಬಂದು ಇಳಿಯುತ್ತದೆ. ಸಂಜೆ ಬಿಸಿಲು ಓರೆಯಾಗುವ ಹೊತ್ತಿಗೆ ಇಲ್ಲಿ ಬೈಕು ಓಡಿಸುವ ಮೂವತ್ತೈದು-ನಲವತ್ತರ ವಯಸ್ಸಿನವರಿಗೆ ಇನ್ನೊಂದು ಕಡಲಂಚಿನ ರಸ್ತೆ ನೆನಪಾದರೆ ಅಚ್ಚರಿಯಿಲ್ಲ. ಅದು ‘ವೈಸ್ ಸಿಟಿ’ಯ ರಸ್ತೆ. ‘ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ’ ಎಂಬ ವಿಡಿಯೊ ಗೇಮ್ 2002ರಲ್ಲಿ ಪ್ಲೇಸ್ಟೇಷನ್‌ಗೆ, ಮರುವರ್ಷ ಕಂಪ್ಯೂಟರಿಗೆ ಬಂತು. ಅದರೊಳಗಿನ ಊರನ್ನು 1986ರ ಮಯಾಮಿ ನಗರವನ್ನು ನೋಡಿಕೊಂಡು ಕಟ್ಟಿದ್ದರು. ಸಾಲು ತಾಳೆಮರ, ಕಿತ್ತಳೆ ಬಣ್ಣದ ಆಕಾಶ, ಕಾರಿನ ರೇಡಿಯೊದಲ್ಲಿ ಹಾಡು.

ಆ ಆಟದ ಕಥೆಯೆಲ್ಲ ಬಂದೂಕು, ಮಾದಕವಸ್ತು, ಸೇಡಿನದು. ಆದರೆ ಆಡಿದವರನ್ನು ಕೇಳಿದರೆ ಬಹಳ ಮಂದಿ ಹೇಳುವ ನೆನಪು ಬೇರೆಯದೇ. ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕಾರು ಹತ್ತಿ, ಎಲ್ಲಿಗೂ ಹೋಗಬೇಕಿಲ್ಲದೆ, ಕಡಲ ದಂಡೆಯಲ್ಲಿ ಸುಮ್ಮನೆ ಸುತ್ತಿದ್ದು. ಗೆಲ್ಲುವುದು ಮುಖ್ಯವಾಗಿರಲಿಲ್ಲ. ಆ ಊರಿನಲ್ಲಿ ಇರುವುದೇ ಸಾಕಾಗಿತ್ತು.

ಇದನ್ನು ಎಳೆಯರ ಹಗಲುಗನಸು ಎಂದು ತಳ್ಳಿಹಾಕುವವರು ಇದ್ದಾರೆ. ಆದರೆ ಕಳೆದ ಎರಡು ದಶಕಗಳಲ್ಲಿ ಬಂದ ಎಷ್ಟೋ ಆಟಗಳಿಗೆ ಈ ಆಸೆಯೇ ತಳಪಾಯ. 2016ರ ‘ಸ್ಟಾರ್‌ಡ್ಯೂ ವ್ಯಾಲಿ’ಯಲ್ಲಿ ನಾಯಕ ನಗರದ ಕಚೇರಿಯ ಕೆಲಸ ಬಿಟ್ಟು, ಅಜ್ಜ ಬಿಟ್ಟುಹೋದ ತೋಟಕ್ಕೆ ಮರಳುತ್ತಾನೆ. ಕಲ್ಲು ಆಯುತ್ತಾನೆ, ಬಿತ್ತುತ್ತಾನೆ, ನೀರು ಹಾಯಿಸುತ್ತಾನೆ. ಊರಿನಲ್ಲಿ ಮೂವತ್ತರ ಆಸುಪಾಸು ಜನ. ಒಬ್ಬೊಬ್ಬರಿಗೂ ಒಂದು ಹುಟ್ಟುಹಬ್ಬ, ಒಂದು ಇಷ್ಟದ ತಿನಿಸು, ಒಂದು ಒಳದುಃಖ. 2020ರ ಮಾರ್ಚ್ 20ರಂದು ಬಿಡುಗಡೆಯಾದ ‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ನಲ್ಲಿ ಒಂದು ದ್ವೀಪ, ಹೆಚ್ಚೆಂದರೆ ಹತ್ತು ಮನೆಗಳ ನೆರೆಹೊರೆ. ನಿಜದ ಗಡಿಯಾರದಂತೆಯೇ ಅಲ್ಲೂ ಹೊತ್ತು ಸರಿಯುತ್ತದೆ; ರಾತ್ರಿಯಾದರೆ ಅಂಗಡಿಗೆ ಬಾಗಿಲು. ಐದೇ ದಿನಗಳಲ್ಲಿ ಭಾರತದಲ್ಲಿ ಲಾಕ್‌ಡೌನ್ ಶುರುವಾಯಿತು. ಮನೆಯಿಂದ ಹೊರಗೆ ಕಾಲಿಡಲಾಗದ ಲೋಕದ ಜನ ಆ ದ್ವೀಪದಲ್ಲಿ ಗಿಡ ನೆಟ್ಟರು, ಗೆಳೆಯರನ್ನು ಕರೆದರು.

ಈ ಊರುಗಳನ್ನು ಕಟ್ಟಿದವರ ಬದುಕನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಅನಿಮಲ್ ಕ್ರಾಸಿಂಗ್‌ನ ರೂವಾರಿ ಕಟ್ಸುಯಾ ಎಗುಚಿ ಜಪಾನಿನ ಚೀಬಾದವರು. ನಿಂಟೆಂಡೊ ಕಂಪನಿಯ ಕೆಲಸಕ್ಕಾಗಿ ಮನೆಯವರನ್ನೂ ಗೆಳೆಯರನ್ನೂ ಬಿಟ್ಟು ದೂರದ ಕ್ಯೋಟೊಗೆ ಬಂದವರು. ಪರವೂರಿನ ಆ ಒಂಟಿತನದಿಂದಲೇ ನೆರೆಹೊರೆಯ ಆಟವೊಂದರ ಯೋಚನೆ ಹುಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ಅದರ ಮೊದಲ ಆವೃತ್ತಿ 2001ರಲ್ಲಿ ಬಂತು. 1986ರಲ್ಲಿ ‘ಲೆಜೆಂಡ್ ಆಫ್ ಜೆಲ್ಡಾ’ ಮಾಡಿದ ಶಿಗೆರು ಮಿಯಾಮೊಟೊ, ಕ್ಯೋಟೊ ಬಳಿಯ ಸೊನೊಬೆ ಎಂಬ ತಮ್ಮ ಹುಟ್ಟೂರಿನ ಗುಡ್ಡ, ಗುಹೆ, ಕಾಡುಗಳಲ್ಲಿ ಬಾಲ್ಯದಲ್ಲಿ ಅಲೆದದ್ದನ್ನು ಆಟವಾಗಿಸಿದರು. ಅದೇ ಸರಣಿಯ 2017ರ ‘ಬ್ರೆತ್ ಆಫ್ ದ ವೈಲ್ಡ್’ನಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಎಷ್ಟು ದೂರವಿರಬೇಕು ಎಂಬುದನ್ನು ನಿರ್ದೇಶಕ ಹಿಡೆಮಾರೊ ಫುಜಿಬಯಾಶಿ ತಮಗೆ ಗೊತ್ತಿದ್ದ ಕ್ಯೋಟೊದ ನಕ್ಷೆಯನ್ನು ಮೇಲಿಟ್ಟು ಅಂದಾಜು ಮಾಡಿದರು. ಸ್ಟಾರ್‌ಡ್ಯೂ ವ್ಯಾಲಿಯನ್ನು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಮಾಡಿದ ಎರಿಕ್ ಬರೋನ್‌ಗೆ ತಾವು ಬೆಳೆದ ಅಮೆರಿಕದ ವಾಯವ್ಯ ಕರಾವಳಿಯೇ ಪ್ರೇರಣೆ. ಪರದೆಯ ಊರಿನ ಹಿಂದೆ ಎಲ್ಲೋ ಒಂದು ನೆಲದ ಊರು ಇದ್ದೇ ಇದೆ. ಆಡುವವರಲ್ಲಿ ಏಳುವ ಹಂಬಲ ಬಹುಮಟ್ಟಿಗೆ ಕಟ್ಟಿದವರ ಹಂಬಲವೇ, ಕೈಬದಲಾಗಿ ಬಂದದ್ದು.

ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಶವಂತ ಚಿತ್ತಾಲರು ದಶಕಗಳ ಕಾಲ ಮುಂಬಯಿಯಲ್ಲಿದ್ದು, ಬಾಂದ್ರಾದ ಕಡಲೆದುರಿನ ಮನೆಯಲ್ಲಿ ಕೂತು ಹನೇಹಳ್ಳಿಯನ್ನು ಬರೆದರು. ಉತ್ತರ ಕನ್ನಡದ ಆ ಹಳ್ಳಿ ನಕ್ಷೆಯಲ್ಲೂ ಇದೆ, ಅವರ ಪುಟಗಳಲ್ಲೂ ಇದೆ. ಪುಟದ ಹನೇಹಳ್ಳಿಯನ್ನು ಓದಿದವರಿಗೆ ನೆಲದ ಹನೇಹಳ್ಳಿಗೆ ಹೋಗಿಬರಬೇಕೆನಿಸುತ್ತದೆ. ಡೊಂಬಿವಲಿ, ಠಾಣೆ, ವಾಶಿ, ನೆರೂಲ್‌ಗಳ ಕನ್ನಡ, ತುಳು ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಊರು ಎಂದರೆ ಮೇ ತಿಂಗಳ ರಜೆಯಲ್ಲಿ ಮಾತ್ರ ತೆರೆಯುವ ಲೋಕ. ಉಳಿದ ಹನ್ನೊಂದು ತಿಂಗಳು ಅದು ಅಜ್ಜಿಯ ಫೋನಿನಲ್ಲಿ, ಅಪ್ಪನ ಮಾತಿನಲ್ಲಿ ಇರುತ್ತದೆ. ಇಂಥ ಮಕ್ಕಳು ಪರದೆಯಲ್ಲಿ ತೋಟ, ಕೆರೆ, ಗುಡ್ಡ ಕಂಡು ಅಲ್ಲಿಯೇ ಇದ್ದುಬಿಡೋಣ ಎಂದುಕೊಂಡರೆ ಅದರ ಬೇರು ಬಹಳ ಹತ್ತಿರದಲ್ಲಿದೆ.

ಈ ಹಂಬಲವನ್ನು ಹಿಡಿದು ಸುತ್ತಾಡುವ ಪ್ರವಾಸಿಗೆ ಬೇಲಾಪುರ ಒಳ್ಳೆಯ ಹೊರಡುದಾಣ. ಮುಂಬಯಿಯಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದರೆ ಮಾನ್‌ಖುರ್ದ್ ದಾಟಿದ ಮೇಲೆ ರೈಲು ನೀರಿನ ಮೇಲೆ ಬರುತ್ತದೆ. 1992ರಲ್ಲಿ ವಾಶಿಯ ತನಕ, ಮರುವರ್ಷ ಬೇಲಾಪುರದ ತನಕ ಈ ಹಳಿ ಬಂತು. ಆಚೆ ದಡ ಮುಟ್ಟಿದೊಡನೆ ಊರಿನ ಚಹರೆಯೇ ಬದಲು: ಅಗಲ ರಸ್ತೆ, ಸೆಕ್ಟರ್ ಸಂಖ್ಯೆ, ವಿಶಾಲವಾದ ನಿಲ್ದಾಣ. ಈ ನಗರ ಜನ ಬಂದು ನೆಲೆಸಿ ತಾನಾಗಿ ಬೆಳೆದದ್ದಲ್ಲ. ಕಾಗದದ ಮೇಲೆ ಮೊದಲು ಹುಟ್ಟಿತು. 1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ ‘ಮಾರ್ಗ್’ ಪತ್ರಿಕೆಯಲ್ಲಿ ಒಂದು ಯೋಜನೆ ಮುಂದಿಟ್ಟರು. ಉತ್ತರಕ್ಕೆ ಮಾತ್ರ ಉದ್ದುದ್ದ ಬೆಳೆಯುತ್ತಿದ್ದ ಮುಂಬಯಿಯನ್ನು ಖಾಡಿಯ ಪೂರ್ವ ದಡಕ್ಕೆ ಹರಡಬೇಕು ಎಂಬುದು ಅವರ ವಾದ. 1970ರ ಮಾರ್ಚ್ 17ರಂದು, ಆ ನಗರವನ್ನು ಕಟ್ಟಲು, ಸಿಡ್ಕೊ ಎಂಬ ಸರ್ಕಾರಿ ನಿಗಮ ಸ್ಥಾಪನೆಯಾಯಿತು. ಕೊರಿಯಾ ಅದರ ಮುಖ್ಯ ವಾಸ್ತುಶಿಲ್ಪಿಯಾದರು. ಸುಮಾರು 344 ಚದರ ಕಿಲೋಮೀಟರ್ ನೆಲದ ಮೇಲೆ ನವಿ ಮುಂಬಯಿ ಎಂಬ ಹೊಸ ನಗರದ ಗೆರೆ ಎಳೆದರು.

ನಗರ ಕಟ್ಟುವುದನ್ನೇ ಆಟ ಮಾಡಿದವರು ವಿಲ್ ರೈಟ್. 1984ರಲ್ಲಿ ಅವರು ಹೆಲಿಕಾಪ್ಟರಿನಿಂದ ಬಾಂಬು ಹಾಕುವ ಆಟವೊಂದನ್ನು ಮಾಡುತ್ತಿದ್ದರು. ದ್ವೀಪಗಳನ್ನು ಉರುಳಿಸುವುದಕ್ಕಿಂತ ಅವುಗಳ ಮೇಲೆ ರಸ್ತೆ, ಕಟ್ಟಡ ಜೋಡಿಸುವುದರಲ್ಲೇ ತಮಗೆ ಹೆಚ್ಚು ಸುಖವಿದೆ ಎಂಬುದು ಅವರಿಗೆ ಗೊತ್ತಾಯಿತು. ಅದರಿಂದ 1989ರಲ್ಲಿ ‘ಸಿಮ್‌ಸಿಟಿ’ ಬಂತು. ಆಡುವವನ ಮುಂದೆ ಖಾಲಿ ನೆಲ. ವಸತಿ ಎಲ್ಲಿ, ಕಾರ್ಖಾನೆ ಎಲ್ಲಿ, ರೈಲು ಎಲ್ಲಿ ಎಂದು ಅವನೇ ಗೆರೆ ಹಾಕಬೇಕು. ಸಿಡ್ಕೊದ ಹಳೆಯ ನಕ್ಷೆಗಳನ್ನು ನೋಡಿದವರಿಗೆ ಎರಡಕ್ಕೂ ಇರುವ ಸಾಮ್ಯ ಥಟ್ಟನೆ ಕಾಣುತ್ತದೆ.

ಆದರೆ ಬೇಲಾಪುರದ ನೆಲ ಎಂದೂ ಖಾಲಿಯಾಗಿರಲಿಲ್ಲ. ನವಿ ಮುಂಬಯಿಗಾಗಿ ಗುರುತಿಸಿದ ಪ್ರದೇಶದಲ್ಲಿ 95 ಹಳ್ಳಿಗಳಿದ್ದವು. ಆಗರಿ ಸಮುದಾಯದ ರೈತರ ಗದ್ದೆ, ಉಪ್ಪಿನ ಆಗರ, ಕೋಳಿ ಸಮುದಾಯದ ಮೀನುಗಾರರ ದೋಣಿಗಳಿದ್ದವು. 16ನೇ ಶತಮಾನದಲ್ಲಿ ಜಂಜೀರದ ಸಿದ್ದಿಗಳು ಕಟ್ಟಿ, 1733ರಲ್ಲಿ ಚಿಮಾಜಿ ಅಪ್ಪನ ಮರಾಠ ಪಡೆ ವಶಪಡಿಸಿಕೊಂಡ ಕೋಟೆಯ ಅವಶೇಷ ಇಂದಿಗೂ ಇಲ್ಲಿದೆ. ಪಾಮ್ ಬೀಚ್ ರಸ್ತೆ ಬೇಲಾಪುರ ಸೇರುವ ಜಂಕ್ಷನ್ನಿಗೆ ಜನ ಕಿಲ್ಲಾ ಎಂದೇ ಹೇಳುತ್ತಾರೆ. ಹೊಸ ನಗರಕ್ಕಾಗಿ ಸ್ವಾಧೀನಪಡಿಸಿಕೊಂಡ ಜಮೀನಿಗೆ ನ್ಯಾಯವಾದ ಬೆಲೆ ಬೇಕೆಂದು ಡಿ.ಬಿ. ಪಾಟೀಲರ ನೇತೃತ್ವದಲ್ಲಿ ರೈತರು ಬೀದಿಗಿಳಿದರು. 1984ರ ಜನವರಿಯಲ್ಲಿ ಉರಣ್ ತಾಲ್ಲೂಕಿನಲ್ಲಿ ನಡೆದ ಗೋಲಿಬಾರಿನಲ್ಲಿ ಐವರು ಸತ್ತರು. ನೆಲ ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇ 12.5ರಷ್ಟು ಮರಳಿ ಕೊಡುವ ಯೋಜನೆ ಬಂದದ್ದು ಆ ಹೋರಾಟದ ಫಲ. ಊರೊಂದರಲ್ಲಿ ನೆಲೆಸಲು ಆಸೆಪಡುವವರು ಮೊದಲು ತಿಳಿದಿರಬೇಕಾದ ಚರಿತ್ರೆ ಇದು. ಪರದೆಯ ಖಾಲಿ ನೆಲದಲ್ಲಿ ಯಾರ ಮನೆಯನ್ನೂ ಎಬ್ಬಿಸಬೇಕಾಗುವುದಿಲ್ಲ.

ಬೇಲಾಪುರ ನಿಲ್ದಾಣದಿಂದ ಪಾರ್ಸಿಕ್ ಗುಡ್ಡದ ಕಡೆಗೆ ರಿಕ್ಷಾ ಹಿಡಿದು ಸೆಕ್ಟರ್ ಎಂಟು ಎಂದರೆ ಆರ್ಟಿಸ್ಟ್ ವಿಲೇಜಿಗೆ ತಲುಪಿಸುತ್ತಾರೆ. ಕೊರಿಯಾ 1983ರಿಂದ 86ರ ನಡುವೆ ವಿನ್ಯಾಸ ಮಾಡಿ ಕಟ್ಟಿಸಿದ ವಸತಿ ಇದು. ಹೆಸರಿನಲ್ಲಿ ಕಲಾವಿದರಿದ್ದರೂ ಎಲ್ಲ ಬಗೆಯ ಸಂಸಾರಗಳೂ ಇಲ್ಲಿವೆ. ಐದೂವರೆ ಹೆಕ್ಟೇರಿನಷ್ಟು ಜಾಗದಲ್ಲಿ ಸುಮಾರು 550 ಕುಟುಂಬಗಳು. ಇಷ್ಟು ಜನರನ್ನು ಹಿಡಿಸಲು ಬಹುಮಹಡಿ ಕಟ್ಟಡವೇ ಆಗಬೇಕೆಂದು ಎಲ್ಲರೂ ನಂಬಿದ್ದ ಹೊತ್ತಿನಲ್ಲಿ, ನೆಲಕ್ಕಂಟಿದ ಒಂದಂತಸ್ತು ಎರಡಂತಸ್ತಿನ ಮನೆಗಳಲ್ಲೇ ಅದು ಸಾಧ್ಯ ಎಂದು ಕೊರಿಯಾ ತೋರಿಸಿಕೊಟ್ಟರು.

ಆ ಜೋಡಣೆಯನ್ನು ಕಾಲ್ನಡಿಗೆಯಲ್ಲೇ ತಿಳಿಯಬೇಕು. ಮೊದಲು ಏಳು ಮನೆಗಳು, ನಡುವೆ ಎಂಟು ಮೀಟರ್ ಉದ್ದಗಲದ ಒಂದು ಅಂಗಳ. ಇಂಥ ಮೂರು ಗುಂಪು ಸೇರಿ ಇಪ್ಪತ್ತೊಂದು ಮನೆಗಳಾದರೆ ಅವುಗಳ ನಡುವೆ ಹನ್ನೆರಡು ಮೀಟರಿನ ಇನ್ನೊಂದು ಅಂಗಳ. ಅಂಥವು ಮತ್ತೆ ಮೂರು ಕೂಡಿದರೆ ಇನ್ನೂ ದೊಡ್ಡದೊಂದು ಬಯಲು. ಹೀಗೆ ಬೆಳೆಯುತ್ತ ಹೋಗಿ, ಗುಡ್ಡದಿಂದ ಮಳೆನೀರು ಇಳಿಯುವ ಹಳ್ಳದ ಬದಿಗೆ ಇಡೀ ಊರಿನ ಬಯಲು ತೆರೆದುಕೊಳ್ಳುತ್ತದೆ. ಮನೆಯ ಬಾಗಿಲು ದಾಟಿದವನು ನೇರವಾಗಿ ಬೀದಿಗೆ ಬೀಳುವುದಿಲ್ಲ. ಮೊದಲು ತನ್ನ ಸ್ವಂತ ಹಿತ್ತಲು, ಆಮೇಲೆ ಏಳು ಮನೆಯವರ ಅಂಗಳ, ಆಮೇಲೆ ಇಪ್ಪತ್ತೊಂದರದು, ಆಮೇಲೆ ಊರಿನದು. ಎರಡು ವರ್ಷದ ಮಗುವಿಗೆ ಮೊದಲ ಅಂಗಳ ಸಾಕು; ಆರು ವರ್ಷದವನಿಗೆ ಎರಡನೆಯದು; ಸೈಕಲ್ ಕಲಿತವಳಿಗೆ ಹಳ್ಳದ ತನಕವೂ ಹಾದಿ.

ಮೈಸೂರು, ಬೆಂಗಳೂರುಗಳ ಹಳೆಯ ವಠಾರ ಕಂಡವರಿಗೆ ಈ ಏಳು ಮನೆಗಳ ಗುಟ್ಟು ತಟ್ಟನೆ ತಿಳಿಯುತ್ತದೆ. ಮಲೆನಾಡಿನ ತೊಟ್ಟಿ ಮನೆಯಲ್ಲಿ ಒಂದು ಕುಟುಂಬಕ್ಕೆ ಇದ್ದ ಬೆಳಕಿನ ಚೌಕ ಇಲ್ಲಿ ಏಳು ಕುಟುಂಬಗಳಿಗೆ. ಆದರೆ ವಠಾರದಲ್ಲಿ ಗೋಡೆ ಒಂದೇ ಆಗಿರುತ್ತಿತ್ತು. ಇಲ್ಲಿ ಯಾವ ಮನೆಯೂ ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡಿಲ್ಲ. ನಿವೇಶನಗಳ ಅಳತೆ 45ರಿಂದ 75 ಚದರ ಮೀಟರ್. ಬಡವನಿಗೂ ಉಳ್ಳವನಿಗೂ ಜಾಗದಲ್ಲಿ ಅಷ್ಟೇ ಅಂತರ. ಮನೆಗಳ ಬೆಲೆ ಸುಮಾರು 20 ಸಾವಿರ ರೂಪಾಯಿಯಿಂದ 1 ಲಕ್ಷ 80 ಸಾವಿರದ ತನಕ ಇದ್ದರೂ ಅಂಗಳ ಎಲ್ಲರಿಗೂ ಒಂದೇ. ಗೋಡೆ ಬೇರೆಬೇರೆ ಇಟ್ಟದ್ದಕ್ಕೆ ಸ್ಪಷ್ಟ ಕಾರಣವಿತ್ತು: ಕೈಯಲ್ಲಿ ದುಡ್ಡು ಸೇರಿದಾಗ, ಮಗನಿಗೆ ಮದುವೆಯಾದಾಗ, ನೆರೆಯವರನ್ನು ಕೇಳದೆಯೇ ಮನೆಯನ್ನು ಬೆಳೆಸಿಕೊಳ್ಳಬಹುದು.

ಗೇಮ್‌ಗಳಲ್ಲಿ ಮುದ್ದಾದ ಹಳ್ಳಿಯೊಂದನ್ನು ಕಂಡು ಅಲ್ಲಿ ಇರಬೇಕೆನಿಸುವಾಗ ಮನಸ್ಸು ನಿಜವಾಗಿ ಬಯಸುವುದು ಏನನ್ನು ಎಂಬುದು ಈ ಅಂಗಳದಲ್ಲಿ ನಿಂತಾಗ ಅರ್ಥವಾಗತೊಡಗುತ್ತದೆ. ಹತ್ತು ನೆರೆಯವರ ದ್ವೀಪ, ಮೂವತ್ತು ಜನರ ಹಳ್ಳಿ, ಏಳು ಮನೆಗಳ ಚೌಕ: ಎಲ್ಲವೂ ಹೆಸರು ಹಿಡಿದು ಕರೆಯಬಹುದಾದಷ್ಟೇ ದೊಡ್ಡವು. ಕಾಲಿಗೆ ಎಟಕುವಷ್ಟು ದೂರದಲ್ಲಿ ಅಂಗಡಿ, ನೀರು, ಗುಡ್ಡ. ತಿರುವಿನಲ್ಲಿ ಇನ್ನೊಂದು ಬಯಲು ಇದೆ ಎಂಬ ಭರವಸೆ. ಜಲಪಾತವೋ ಕೋಟೆಯೋ ಪರದೆಯ ಊರಿನ ಅಂದ ಹೆಚ್ಚಿಸುತ್ತವೆ. ಅಲ್ಲಿ ನೆಲೆಸುವ ಆಸೆ ಹುಟ್ಟಿಸುವುದು ಈ ಅಳತೆ. ಐವತ್ತು ಮಹಡಿಯ ಕಟ್ಟಡದಲ್ಲಿ ಎದುರುಮನೆಯವರ ಹೆಸರು ತಿಳಿಯದೆ ಬೆಳೆದ ಮಗುವಿಗೆ ಇದು ಐಷಾರಾಮ.

1980ರ ದಶಕದ ಚಿತ್ರಗಳಲ್ಲಿ ಕಾಣುವ ಆರ್ಟಿಸ್ಟ್ ವಿಲೇಜ್ ಈಗ ಇಲ್ಲ. ಸುಣ್ಣ ಬಳಿದ ಗೋಡೆ, ಇಳಿಜಾರು ಹೆಂಚಿನ ಮಾಡಿನ ಮೂಲ ಮನೆಗಳು ಅಲ್ಲಲ್ಲಿ ಉಳಿದಿವೆ. ಹಲವನ್ನು ಕೆಡವಿ ಕಾಂಕ್ರೀಟಿನ ಮೂರಂತಸ್ತಿನ ಮನೆ ಎಬ್ಬಿಸಿದ್ದಾರೆ. ಕಿಟಕಿಗೆ ಗ್ರಿಲ್ ಬಂದಿದೆ, ಅಂಗಳದಲ್ಲಿ ಸ್ಕೂಟರು, ಕಾರು ನಿಂತಿವೆ. ಪುಸ್ತಕದ ಚಿತ್ರ ನೋಡಿಕೊಂಡು ಬಂದ ಪ್ರವಾಸಿಗೆ ಮೊದಲು ಬೇಸರವಾಗಬಹುದು. ಆದರೆ ಬೆಳೆಯಲಿ ಎಂದೇ ಕಟ್ಟಿದ ಮನೆಗಳಿವು. ಮನೆಗಳು ಬದಲಾದರೂ ಅಂಗಳಗಳ ನಕ್ಷೆ ಹೆಚ್ಚೂಕಡಿಮೆ ಹಾಗೆಯೇ ಇದೆ. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಗಣಪತಿ ಕೂರಿಸುತ್ತಾರೆ, ಹಪ್ಪಳ ಒಣಗಿಸುತ್ತಾರೆ. ಆಟದೊಳಗಿನ ಹಳ್ಳಿ ಹತ್ತು ವರ್ಷ ಬಿಟ್ಟು ಹೋದರೂ ಇದ್ದಂತೆಯೇ ಕಾಯುತ್ತಿರುತ್ತದೆ. ಜನ ಬದುಕುವ ಊರು ಹಾಗೆ ಕಾಯುವುದಿಲ್ಲ. ಅದಕ್ಕೆ ತನ್ನದೇ ತುರ್ತುಗಳಿವೆ.

ಬೇಲಾಪುರದಲ್ಲಿ ಕನ್ನಡಿಗರಿಗೆ ಹತ್ತಿರವಾದ ಇನ್ನೊಂದು ಕಟ್ಟಡವಿದೆ. ಅದು ಬೇಲಾಪುರ ಭವನ, ಕೊಂಕಣ ರೈಲ್ವೆಯ ಪ್ರಧಾನ ಕಚೇರಿ. ಮಂಗಳೂರಿನವರಾದ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ನಿಗಮ ಹುಟ್ಟಿತು, ಇ. ಶ್ರೀಧರನ್ ಅದನ್ನು ಮುನ್ನಡೆಸಿದರು. ರೋಹಾದಿಂದ ಮಂಗಳೂರು ಬಳಿಯ ತೋಕೂರಿನ ತನಕ 740 ಕಿಲೋಮೀಟರಿನಷ್ಟು ಹಳಿ, ತೊಂಬತ್ತಕ್ಕೂ ಹೆಚ್ಚು ಸುರಂಗ, ಎರಡು ಸಾವಿರದಷ್ಟು ಸೇತುವೆ. 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಮುಂಬಯಿಯ ಕರಾವಳಿ ಕನ್ನಡಿಗರಿಗೆ ಊರು ಒಂದು ರಾತ್ರಿಯ ದೂರಕ್ಕೆ ಬಂತು.

ಇದೇ ಹಳಿಯ ಮೇಲೆ, ಆಟದಿಂದ ಹುಟ್ಟಿದ ಇನ್ನೊಂದು ಹಂಬಲವನ್ನು ಹಿಂಬಾಲಿಸಬಹುದು. ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಎಂಬ ಆಟವನ್ನು ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರ ಆಗಸ್ಟಿನಲ್ಲಿ ಹೊರತಂದಿತು. ಅದರ ನಾಯಕಿ ಕ್ಲೋಯಿ ಫ್ರೇಜರ್, ಭಾರತೀಯ ಮೂಲದ ಪುರಾತತ್ವಜ್ಞನ ಮಗಳು. ಗಣೇಶನ ಮುರಿದ ದಂತವನ್ನು ಹುಡುಕುತ್ತ ಗೆಳತಿ ನಾಡಿನ್ ಜೊತೆ ಜೀಪಿನಲ್ಲಿ ಪಶ್ಚಿಮ ಘಟ್ಟಕ್ಕೆ ಬರುತ್ತಾಳೆ. ಹುಡುಕಾಟ ಸಾಗುವುದು ಹೊಯ್ಸಳರ ಹಳೇಬೀಡು, ಬೇಲೂರುಗಳಲ್ಲಿ. ಹಾಸನ ಜಿಲ್ಲೆಯ ಹೆಸರುಗಳು ಲೋಕದ ಲಕ್ಷಾಂತರ ಪರದೆಗಳ ಮೇಲೆ ಮೂಡಿದವು. ಮುಗಿಲೆತ್ತರದ ಗಣೇಶ, ಕಲ್ಲಿನ ನಗರದ ಮೇಲೆ ಧುಮುಕುವ ಜಲಪಾತ, ಹಸಿರು ಕಣಿವೆ. ಆ ಹಸಿರನ್ನು ಕಂಡವರಿಗೆ ಇಲ್ಲೊಂದು ಮನೆ ಇದ್ದಿದ್ದರೆ ಎಂದು ಅನಿಸದೆ ಇರದು.

ಬೇಲಾಪುರದಿಂದ ಲೋಕಲ್ಲಿನಲ್ಲಿ ಪನ್ವೇಲ್, ಅಲ್ಲಿಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್. ಬೆಳಗಾಗುವಾಗ ಕರಾವಳಿಯ ಗದ್ದೆಗಳು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಹಾಸನ. ಮಳೆಗಾಲದಲ್ಲಿ ಘಾಟಿಯ ಪ್ರತಿ ತಿರುವಿನಲ್ಲೂ ಬಂಡೆಯಿಂದ ನೀರು ಸುರಿಯುತ್ತಿರುತ್ತದೆ. ಆಟದ ಚಿತ್ರಕಾರರು ತೋರಿಸಿದ ಹಸಿರು ಇಲ್ಲಿ ನಿಜವಾಗಿಯೇ ಇದೆ. ಆದರೆ ಹಾಸನದಿಂದ ಮೂವತ್ತು ಕಿಲೋಮೀಟರಿನಷ್ಟು ಮುಂದೆ ಹಳೇಬೀಡು ಬರುವ ಹೊತ್ತಿಗೆ ಕಾಡು ಹಿಂದೆ ಸರಿದಿರುತ್ತದೆ. ತೆಂಗಿನ ತೋಟ, ಹೊಲ, ಬಟಾಬಯಲು. ಜಲಪಾತದ ಜಾಗದಲ್ಲಿ ದ್ವಾರಸಮುದ್ರದ ಕೆರೆ. ಮುಗಿಲೆತ್ತರದ ವಿಗ್ರಹಗಳ ಜಾಗದಲ್ಲಿ ಗೋಪುರವಿಲ್ಲದ, ನಕ್ಷತ್ರಾಕಾರದ ಜಗತಿಯ ಮೇಲೆ ಕೂತ ತಗ್ಗಿನ ದೇವಾಲಯ.

ಹೊಯ್ಸಳೇಶ್ವರದ ಮುಂದೆ ನಿಂತವರಿಗೆ ಆಟದಲ್ಲಿ ಸಿಗದದ್ದು ಸಿಗುತ್ತದೆ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಅಧಿಕಾರಿ ಕೇತಮಲ್ಲ ಕಟ್ಟಿಸಿದ ಗುಡಿ ಇದು. ಪರದೆಯ ಹಳೇಬೀಡು ತಲೆಯೆತ್ತಿ ನೋಡುವಂಥದ್ದು. ನೆಲದ ಹಳೇಬೀಡು ಬಗ್ಗಿ ನೋಡುವಂಥದ್ದು. ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು, ಮಕರ, ಹಂಸ. ಒಂದು ಆನೆಯಂತೆ ಇನ್ನೊಂದಿಲ್ಲ. ಹೊರಗೋಡೆಯ ನೃತ್ಯ ಗಣಪತಿ ಆಳೆತ್ತರವನ್ನೂ ಮೀರದವನು, ಆದರೆ ಅವನ ಕೊರಳ ಸರದ ಒಂದೊಂದು ಮಣಿಯನ್ನೂ ಎಣಿಸಬಹುದು. ಆಟದ ಕಲ್ಪನೆಯಲ್ಲಿ ಒಂದು ಸತ್ಯವೂ ಇದೆ: ಹೊಯ್ಸಳರು ಘಟ್ಟದ ಸೆರಗಿನಿಂದಲೇ ಬಂದವರು. ಅವರ ಮೂಲ ನೆಲೆ ಸೊಸೆವೂರು ಎಂದರೆ ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿ. 1311ರಲ್ಲಿ ಮಲಿಕ್ ಕಾಫೂರನ ದಾಳಿಯಾಯಿತು. ಆಮೇಲೆ ರಾಜಧಾನಿ ಪಾಳುಬಿತ್ತು. ಆದರೆ ಇದು ಕಾಡಿನಲ್ಲಿ ಕಳೆದುಹೋದ ನಗರವಾಗಲಿಲ್ಲ. ಸುತ್ತ ಜನ ಉಳುತ್ತ, ಬಿತ್ತುತ್ತ, ಸಂತೆ ಮಾಡುತ್ತಲೇ ಇದ್ದರು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಕಲ್ಪನೆಯ ಊರಿನಲ್ಲಿ ಇದ್ದುಬರುವ ಆಸೆ ಕನ್ನಡ ನಾಡಿಗೆ ಗೇಮ್‌ಗಳಿಂದ ಬಂದದ್ದೇನಲ್ಲ. ಆರ್.ಕೆ. ನಾರಾಯಣರು 1935ರಲ್ಲಿ ಮೊದಲ ಕಾದಂಬರಿಯಲ್ಲೇ ಮಾಲ್ಗುಡಿಯನ್ನು ಲೋಕಕ್ಕೆ ತೋರಿಸಿದ್ದರು. ಐದು ದಶಕಗಳ ಅನಂತರ ಶಂಕರ್ ನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಮಾಡುವಾಗ ಅದಕ್ಕೆ ಆಗುಂಬೆಯ ನೆಲ ಕೊಟ್ಟರು. ಧಾರಾವಾಹಿ ಮುಗಿದು ಎಷ್ಟೋ ವರ್ಷವಾದರೂ ಜನ ಆಗುಂಬೆಯ ದೊಡ್ಡಮನೆಗೆ ಬಂದು, ಜಗಲಿಯಲ್ಲಿ ಕೂತು, ಊಟ ಮಾಡಿ, ಉಳಿದು ಹೋಗುತ್ತಾರೆ. ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ಸಂಗ್ರಹಾಲಯ ತೆರೆಯಿತು. ಅಲ್ಲಿಗೆ ಹೋಗುವವರಿಗೆ ತಾವು ಅರಸಾಳಿನಲ್ಲಿ ಇದ್ದೇವೆ ಎಂಬುದೂ ಗೊತ್ತು, ಮಾಲ್ಗುಡಿಯಲ್ಲಿ ಇದ್ದೇವೆ ಎಂಬುದೂ ಗೊತ್ತು.

ಈ ಎರಡು ತಿಳಿವಳಿಕೆಗಳಲ್ಲಿ ಒಂದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ತ್ಸುಶಿಮಾ ದ್ವೀಪ ಸಾಕ್ಷಿ. 1274ರ ಮಂಗೋಲ್ ದಾಳಿಯ ಕಥೆ ಹೇಳುವ ‘ಘೋಸ್ಟ್ ಆಫ್ ತ್ಸುಶಿಮಾ’ 2020ರ ಜುಲೈನಲ್ಲಿ ಬಂತು. ಎರಡೇ ತಿಂಗಳಲ್ಲಿ, ಚಂಡಮಾರುತಕ್ಕೆ ಸಿಕ್ಕಿ ದ್ವೀಪದ ವತತ್ಸುಮಿ ಗುಡಿಯ ಕಡಲೊಳಗಿನ ಹೆಬ್ಬಾಗಿಲ ಕಮಾನು ಉರುಳಿತು. ಮರುನಿರ್ಮಾಣಕ್ಕೆ 50 ಲಕ್ಷ ಯೆನ್ ಬೇಕೆಂದು ಸಾರ್ವಜನಿಕರನ್ನು ಕೇಳಿದರೆ 2 ಕೋಟಿ 70 ಲಕ್ಷ ಯೆನ್‌ಗೂ ಹೆಚ್ಚು ಸೇರಿತು. ಕೊಟ್ಟವರಲ್ಲಿ ಆ ಆಟವನ್ನು ಆಡಿದವರು ಬಹಳ ಮಂದಿ. ಮರುವರ್ಷ ಆಟದ ಇಬ್ಬರು ನಿರ್ದೇಶಕರನ್ನು ತ್ಸುಶಿಮಾ ತನ್ನ ಪ್ರವಾಸೋದ್ಯಮ ರಾಯಭಾರಿಗಳನ್ನಾಗಿ ಮಾಡಿಕೊಂಡಿತು. ಪರದೆಯ ಪ್ರೀತಿ ನೆಲಕ್ಕೆ ಇಳಿದ ಅಪರೂಪದ ಗಳಿಗೆ ಅದು. ಆದರೆ 2025ರ ಮಾರ್ಚಿನಲ್ಲಿ ಅದೇ ಗುಡಿಯವರು ಪ್ರವಾಸಿಗರ ಅಗೌರವದ ನಡವಳಿಕೆಗೆ ಬೇಸತ್ತು, ಭಕ್ತರನ್ನು ಬಿಟ್ಟು ಬೇರೆಯವರು ಬರಬಾರದು, ಚಿತ್ರ ತೆಗೆಯಬಾರದು ಎಂದು ಸಾರಿದರು. ಊರನ್ನು ಪ್ರೀತಿಸುವವರು ಬಂದು ಕಮಾನು ಎತ್ತಿ ನಿಲ್ಲಿಸಿದರು. ಊರು ತಮಗಾಗಿಯೇ ಇದೆ ಎಂದುಕೊಂಡವರು ಬಂದು ಬಾಗಿಲು ಹಾಕಿಸಿದರು.

ಮನೆಗೆ ಮರಳಿದ ಮೇಲೆ ಈ ಹಂಬಲಕ್ಕೆ ಒಂದು ಕೆಲಸ ಕೊಡಲು ಸಾಧ್ಯ, ಅದೂ ಬೇಲಾಪುರದಲ್ಲೇ. 2012ರಲ್ಲಿ ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ ಮತ್ತು ‘ಮೈನ್‌ಕ್ರಾಫ್ಟ್’ ಆಟದ ಮೊಜಾಂಗ್ ಸಂಸ್ಥೆ ಸೇರಿ ‘ಬ್ಲಾಕ್ ಬೈ ಬ್ಲಾಕ್’ ಎಂಬ ಕಾರ್ಯಕ್ರಮ ಆರಂಭಿಸಿದವು. ನೈರೋಬಿಯ ಕಿಬೇರಾ ಕೊಳೆಗೇರಿಯ ನಿವಾಸಿಗಳು ತಮ್ಮ ಆಟದ ಬಯಲು ಹೇಗಿರಬೇಕೆಂದು ಮೈನ್‌ಕ್ರಾಫ್ಟ್‌ನ ಚೌಕಗಳನ್ನು ಜೋಡಿಸಿ ತೋರಿಸಿದರು. ನಕ್ಷೆ ಓದಲು ಬಾರದವರೂ ಪರದೆಯಲ್ಲಿ ತಮ್ಮ ಬೀದಿಯನ್ನು ಗುರುತಿಸಿ, ಇಲ್ಲಿ ದೀಪ ಬೇಕು, ಇಲ್ಲಿ ಹಾದಿ ಬೇಕು ಎಂದರು. ಪ್ಯಾರಿಸ್ಸಿನ ನಾಟ್ರೆ ಡಾಮ್ 2019ರಲ್ಲಿ ಸುಟ್ಟಾಗ, 2014ರ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ ಆಟದಲ್ಲಿ ಅದರ ವಿವರವಾದ ಪ್ರತಿಕೃತಿ ಇತ್ತು ಎಂಬುದು ಸುದ್ದಿಯಾಯಿತು. ಮರುನಿರ್ಮಾಣಕ್ಕೆ ನೆರವಾದದ್ದು ಆ ಪ್ರತಿಕೃತಿಯಲ್ಲ. ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಮೊದಲೇ ಲೇಸರ್ ಹಿಡಿದು ತೆಗೆದಿಟ್ಟಿದ್ದಂಥ ನಿಖರ ಅಳತೆಗಳು. ಪ್ರೀತಿಯಿಂದ ಮಾಡಿದ ಚಿತ್ರಕ್ಕೂ ಅಳತೆ ಹಿಡಿದ ದಾಖಲೆಗೂ ವ್ಯತ್ಯಾಸವಿದೆ. ಆರ್ಟಿಸ್ಟ್ ವಿಲೇಜಿಗೆ ಎರಡೂ ಬೇಕು.

ಕೊರಿಯಾ ತಮ್ಮ ನಕ್ಷೆಗಳ ಸಂಗ್ರಹವನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್‌ಗೆ ಕೊಟ್ಟರು. 2013ರಲ್ಲಿ ಅಲ್ಲಿ ಪ್ರದರ್ಶನವೂ ನಡೆಯಿತು. 2015ರಲ್ಲಿ ಅವರು ತೀರಿಕೊಂಡರು. ಆ ಸಂಗ್ರಹ ಇರುವುದರಿಂದ 1980ರ ದಶಕದ ಬೇಲಾಪುರ ಹೇಗಿರಬೇಕೆಂದಿತ್ತು ಎಂಬುದಕ್ಕೆ ದಾಖಲೆಯಿದೆ. ಆಮೇಲಿನ ನಾಲ್ಕು ದಶಕಗಳಲ್ಲಿ ಅಲ್ಲಿದ್ದವರು ಅದನ್ನು ಏನು ಮಾಡಿಕೊಂಡರು ಎಂಬುದು ಆ ನಕ್ಷೆಗಳಲ್ಲಿ ಇರಲು ಸಾಧ್ಯವಿಲ್ಲ: ಯಾವ ಕೋಣೆ ಯಾವ ಮದುವೆಗೆ ಎದ್ದಿತು, ಯಾವ ಹೆಂಚಿನ ಮಾಡು ಯಾವ ಮಳೆಗೆ ಸೋರಿ ತಾರಸಿಯಾಯಿತು, ಕಾರು ಬಂದ ಮೇಲೂ ಯಾವ ಅಂಗಳವನ್ನು ಮಕ್ಕಳು ಬಿಟ್ಟುಕೊಡಲಿಲ್ಲ. ನವಿ ಮುಂಬಯಿಯಲ್ಲೇ ವಾಸ್ತುಶಿಲ್ಪ ಕಾಲೇಜುಗಳಿವೆ. ಮೂರು ಆಯಾಮದಲ್ಲಿ ಊರು ಕಟ್ಟುವ ವಿದ್ಯೆಯನ್ನು ಆಡುತ್ತಲೇ ಕಲಿತ ನೂರಾರು ಹುಡುಗ ಹುಡುಗಿಯರು ಇಲ್ಲಿನ ಮನೆಗಳಲ್ಲಿದ್ದಾರೆ. ಮೂಲ ಮನೆಗಳಲ್ಲಿ ಉಳಿದಿರುವವು ವರ್ಷ ವರ್ಷ ಕಡಿಮೆಯಾಗುತ್ತಿವೆ. ಇನ್ನು ಹತ್ತು ವರ್ಷ ಕಾದರೆ ಅಳೆಯಲು ಹೆಚ್ಚೇನೂ ಸಿಗಲಾರದು. ಏಳು ಮನೆಗಳ ಒಂದೇ ಒಂದು ಗುಂಪಿನಿಂದ ಈ ಕೆಲಸ ಶುರುಮಾಡಬಹುದು. ಮನೆಯವರ ಒಪ್ಪಿಗೆ ಪಡೆದು, ಟೇಪು ಹಿಡಿದು ಗೋಡೆ ಅಳೆದು, ಹಿರಿಯರಿಂದ ಪ್ರತಿ ಗೋಡೆಯ ಕಥೆ ಕೇಳಿ ಬರೆದುಕೊಂಡು, ಎಂಟು ಮೀಟರಿನ ಆ ಅಂಗಳವನ್ನು 1986ರಲ್ಲಿ ಇದ್ದಂತೆಯೂ ಈಗ ಇರುವಂತೆಯೂ ಪರದೆಯ ಮೇಲೆ ಕಟ್ಟಬೇಕು. ಅದನ್ನು ಮೊದಲು ನೋಡಿ ತಪ್ಪು ತಿದ್ದಬೇಕಾದವರು ಆ ಏಳು ಮನೆಯವರು.